ಡಿ.ಎನ್.ಎ. ಸಾಲಿನಲ್ಲಿ ಮುಂದಿನ ಅಕ್ಷರ ಯಾವುದು?

ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ರಾಮಕೋಟಿ ಪುಸ್ತಕ ಇದ್ದೀತು. ನಮ್ಮ ಮನೆಯಲ್ಲಿ ಇತ್ತು. ಮಧ್ಯಾಹ್ನ ಊಟದ ಕೆಲಸವೆಲ್ಲ ಮುಗಿದ ಮೇಲೆ ಅಜ್ಜಿ ಕನ್ನಡಕ ಏರಿಸಿಕೊಂಡು, ಗೆರೆ ಹಾಕಿದ ಆ ಪುಸ್ತಕದ ಒಂದೊಂದು ಮನೆಯಲ್ಲೂ 'ಶ್ರೀರಾಮ', 'ಶ್ರೀರಾಮ' ಎಂದು ಬರೆಯುತ್ತ ಕೂರುತ್ತಿದ್ದರು. ಹುಡುಗನಾಗಿದ್ದ ನಾನು ಒಮ್ಮೆ, "ಅಜ್ಜಿ, ಇಷ್ಟೆಲ್ಲ ಕಷ್ಟಪಡುವ ಬದಲು 'ಶ್ರೀರಾಮ, ಒಂದು ಕೋಟಿ ಸಲ' ಎಂದು ಒಂದೇ ಸಾಲು ಬರೆದರೆ ಸಾಲದೆ?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡೆ. ಆ ಬೈಗುಳ ನ್ಯಾಯವಾದದ್ದೇ. ಆದರೆ ನನ್ನ ಪ್ರಶ್ನೆಯೂ ತೀರ ದಡ್ಡ ಪ್ರಶ್ನೆಯಲ್ಲವೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಒಂದು ಬರಹವನ್ನು ಎಷ್ಟು ಚಿಕ್ಕದಾಗಿ ಹೇಳಿ ಮುಗಿಸಬಹುದು ಎಂಬುದನ್ನು ಅಳೆಯುವ ಒಂದು ಶಾಸ್ತ್ರವೇ ಇದೆ. ಅದಕ್ಕೆ ಮಾಹಿತಿ ಸಿದ್ಧಾಂತ ಎಂದು ಹೆಸರು. ಆ ಅಳತೆಗೋಲನ್ನು ಜೀವಿಗಳ ಡಿ.ಎನ್.ಎ. ಮೇಲೆ ಇಟ್ಟು ನೋಡಿದರೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದೇ ಈ ದಿನದ ಮಾತು.

ಡಿ.ಎನ್.ಎ. ಎಂದರೇನೆಂದು ನಿಮ್ಮ ಪಠ್ಯಪುಸ್ತಕದಲ್ಲಿ ಓದಿದ್ದೀರಿ. ತಿರುಚಿದ ಏಣಿಯಂಥ ಅಣು. ಏಣಿಯ ಮೆಟ್ಟಿಲುಗಳು ನಾಲ್ಕು ಪ್ರತ್ಯಾಮ್ಲಗಳಿಂದ ಆದವು. ಅಡಿನೀನ್, ಸೈಟೊಸೀನ್, ಗ್ವಾನೀನ್, ಥೈಮೀನ್. ಇವನ್ನು ಚಿಕ್ಕದಾಗಿ ಎ, ಸಿ, ಜಿ, ಟಿ ಎನ್ನುತ್ತೇವೆ. ಎ ಎದುರಿಗೆ ಟಿ, ಸಿ ಎದುರಿಗೆ ಜಿ. ಆದ್ದರಿಂದ ಒಂದು ಎಳೆಯನ್ನು ಬರೆದರೆ ಇನ್ನೊಂದು ಎಳೆ ತಾನಾಗಿಯೇ ತಿಳಿಯುತ್ತದೆ. ಮನುಷ್ಯನ ಒಂದು ಜೊತೆ ವರ್ಣತಂತುಗಳಲ್ಲಿ ಒಂದೊಂದನ್ನೇ ತೆಗೆದುಕೊಂಡು ಸಾಲಾಗಿ ಬರೆದರೆ ಸುಮಾರು 310 ಕೋಟಿ ಅಕ್ಷರಗಳಾಗುತ್ತವೆ. ಅಕ್ಷರಮಾಲೆಯಲ್ಲಿ ನಾಲ್ಕೇ ಅಕ್ಷರ, ಗ್ರಂಥ ಮಾತ್ರ ಬಹಳ ದೊಡ್ಡದು.

ಈಗ ಒಂದು ಆಟ. ನಾನು ಈ ಗ್ರಂಥದ ಒಂದು ಸಾಲನ್ನು ಅಂಗೈಯಿಂದ ಮುಚ್ಚಿ, ಒಂದೊಂದೇ ಅಕ್ಷರವನ್ನು ತೋರಿಸುತ್ತ ಹೋಗುತ್ತೇನೆ. ಪ್ರತಿ ಸಲವೂ ಮುಂದಿನ ಅಕ್ಷರ ಯಾವುದೆಂದು ನೀವು ಊಹಿಸಬೇಕು. ನಿಮ್ಮ ಊಹೆ ಎಷ್ಟು ಸಲ ಸರಿಯಾಯಿತು, ಎಷ್ಟು ಸಲ ತಪ್ಪಿತು ಎಂಬುದರಲ್ಲಿ ಆ ಸಾಲಿನ ಸಂಕೀರ್ಣತೆ ಅಡಗಿದೆ. ಇಡೀ ಸಿದ್ಧಾಂತದ ತಿರುಳು ಇಷ್ಟೇ.

ಈ ತಿರುಳನ್ನು ಗಣಿತವಾಗಿ ಕಡೆದವರು ಕ್ಲಾಡ್ ಶಾನನ್ ಎಂಬ ಅಮೆರಿಕದ ವಿಜ್ಞಾನಿ. ಅವರು ಟೆಲಿಫೋನ್ ಕಂಪನಿಯ ಬೆಲ್ ಪ್ರಯೋಗಾಲಯದಲ್ಲಿದ್ದರು. ತಂತಿಯ ಮೂಲಕ ಸಂದೇಶ ಕಳಿಸಲು ಕನಿಷ್ಠ ಎಷ್ಟು ಸಂಕೇತಗಳು ಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. 1948ರಲ್ಲಿ ಅವರು ಪ್ರಕಟಿಸಿದ ದೀರ್ಘ ಪ್ರಬಂಧದಿಂದ ಮಾಹಿತಿ ಸಿದ್ಧಾಂತ ಹುಟ್ಟಿತು. ಸ್ವಾರಸ್ಯದ ಸಂಗತಿಯೆಂದರೆ, ಅದಕ್ಕೂ ಮೊದಲು 1940ರಲ್ಲಿ ಇದೇ ಶಾನನ್ ಡಾಕ್ಟರೇಟ್ ಪದವಿಗೆ ಬರೆದ ಪ್ರಬಂಧ ಅನುವಂಶೀಯತೆಯ ಬೀಜಗಣಿತದ ಮೇಲಿತ್ತು! ಆಗ ಡಿ.ಎನ್.ಎ.ಯೇ ವಂಶವಾಹಿಯ ವಸ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಎರಡು ವಿಷಯಗಳೂ ಒಬ್ಬನೇ ಮನುಷ್ಯನ ಮೇಜಿನ ಮೇಲಿದ್ದವು, ಆದರೆ ಅವನ್ನು ಬೆಸೆಯುವ ಕಾಲ ಇನ್ನೂ ಬಂದಿರಲಿಲ್ಲ.

ನಮ್ಮ ಹಿರಿಯರಿಗೆ ಈ ಸಿದ್ಧಾಂತದ ಪರಿಚಯ ಇಲ್ಲದೆಯೂ ಅದರ ಬಳಕೆ ಗೊತ್ತಿತ್ತು. ನಮ್ಮ ದೇಶದಲ್ಲಿ 2013ರ ಜುಲೈವರೆಗೆ ತಂತಿ ಸೇವೆ ಇತ್ತು. ಪದಕ್ಕಿಷ್ಟು ಎಂದು ಹಣ ತೆರಬೇಕಾಗಿದ್ದರಿಂದ, ಇಲ್ಲದಿದ್ದರೂ ಅರ್ಥವಾಗುವ ಪದಗಳನ್ನೆಲ್ಲ ಜನ ಕೈಬಿಡುತ್ತಿದ್ದರು. 'ತಾಯಿಗೆ ಕಾಯಿಲೆ, ಹೊರಡು' ಎಂದರೆ ಸಾಕು. ಮದುವೆಯ ಶುಭಾಶಯಕ್ಕಂತೂ ಅಂಚೆ ಇಲಾಖೆಯೇ ಸಿದ್ಧ ವಾಕ್ಯಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿತ್ತು. ಸಂಖ್ಯೆಯನ್ನು ಕಳಿಸಿದರೆ ಆ ಕಡೆಯಲ್ಲಿ ಪೂರ್ತಿ ವಾಕ್ಯ ಮೂಡುತ್ತಿತ್ತು. ಕಾಗದಗಳಲ್ಲಿ ಬರೆಯುತ್ತಿದ್ದ 'ಉಭಯ ಕುಶಲೋಪರಿ'ಯೂ ಹಾಗೆಯೇ. 'ಉಭಯ' ಎಂದು ಓದಿದೊಡನೆ ಮುಂದಿನದು ಗೊತ್ತು. ಗೊತ್ತಿರುವುದನ್ನು ಹೇಳಿದರೆ ಮಾಹಿತಿ ಇಲ್ಲ. ಶಾನನ್ನರ ಲೆಕ್ಕದಲ್ಲಿ ಅಚ್ಚರಿ ಇದ್ದಲ್ಲಿ ಮಾತ್ರ ಮಾಹಿತಿ.

ಇದನ್ನು ಅಳೆಯುವ ಮಾನವೇ ಬಿಟ್. 'ಹೌದು' ಅಥವಾ 'ಅಲ್ಲ' ಎಂದು ಉತ್ತರಿಸಬಹುದಾದ ಒಂದು ಪ್ರಶ್ನೆ, ಎರಡು ಉತ್ತರಗಳೂ ಸಮಸಮವಾಗಿ ಸಾಧ್ಯವಿದ್ದರೆ, ಅದರ ಉತ್ತರ ಒಂದು ಬಿಟ್. ನಾಲ್ಕು ಅಕ್ಷರಗಳೂ ಸಮಾನವಾಗಿ ಬರುವ ಡಿ.ಎನ್.ಎ. ಸಾಲಿನಲ್ಲಿ ಒಂದು ಅಕ್ಷರ ತಿಳಿಯಲು ಎರಡು ಪ್ರಶ್ನೆ ಬೇಕು. 'ಅದು ಎ ಅಥವಾ ಜಿ ಆಗಿದೆಯೆ?' ಹೌದು ಎಂದರೆ, 'ಎ ಆಗಿದೆಯೆ?' ಅಷ್ಟರಲ್ಲಿ ಮುಗಿಯಿತು. ಹಾಗಾಗಿ ಅಕ್ಷರಕ್ಕೆ 2 ಬಿಟ್, ಇದೇ ಮೇಲಿನ ಮಿತಿ. ಈ ಲೆಕ್ಕದಲ್ಲಿ ಮನುಷ್ಯನ 310 ಕೋಟಿ ಅಕ್ಷರಗಳಿಗೆ 620 ಕೋಟಿ ಬಿಟ್, ಎಂದರೆ ಹಾಡು ಕೇಳುವ ಒಂದು ಸಿ.ಡಿ. ತಟ್ಟೆಯಲ್ಲಿ ಹಿಡಿಸುವುದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಅಕ್ಷರಗಳು ಸಮಾನವಾಗಿ ಬಾರದಿದ್ದರೆ? ಪಿ.ಯು.ಸಿ. ಓದುತ್ತಿರುವವರಿಗೆ ಲಘುಗಣಕ ಗೊತ್ತು. ಪ್ರತಿ ಅಕ್ಷರದ ಸಂಭವನೀಯತೆಯನ್ನು, 2ನ್ನು ಆಧಾರವಾಗಿ ಇಟ್ಟುಕೊಂಡ ಅದರ ಲಘುಗಣಕದಿಂದ ಗುಣಿಸಿ, ನಾಲ್ಕನ್ನೂ ಕೂಡಿಸಿ, ಋಣ ಚಿಹ್ನೆಯನ್ನು ತೆಗೆದುಬಿಡಿ. ಬಂದ ಮೊತ್ತಕ್ಕೆ ಎಂಟ್ರಪಿ ಎಂದು ಹೆಸರು. ನಿಜವಾದ ಉದಾಹರಣೆ ಕೊಡುತ್ತೇನೆ. ಮಾರಕ ಮಲೇರಿಯಾ ತರುವ ಪ್ಲಾಸ್ಮೋಡಿಯಮ್ ಫಾಲ್ಸಿಪಾರಮ್ ಎಂಬ ಪರೋಪಜೀವಿಯ ಡಿ.ಎನ್.ಎ. ಗ್ರಂಥವನ್ನು 2002ರಲ್ಲಿ ಓದಿ ಮುಗಿಸಿದಾಗ, ನೂರಕ್ಕೆ ಸುಮಾರು 80 ಅಕ್ಷರಗಳು ಎ ಮತ್ತು ಟಿ ಎಂದು ಕಂಡುಬಂತು. ಎ, ಟಿ ತಲಾ 0.4, ಸಿ, ಜಿ ತಲಾ 0.1 ಎಂದು ಲೆಕ್ಕ ಹಾಕಿದರೆ ಎಂಟ್ರಪಿ 1.72 ಬಿಟ್. ಊಹೆಯ ಆಟದಲ್ಲಿ ಎ ಅಥವಾ ಟಿ ಎಂದು ಹೇಳುತ್ತಲೇ ಹೋದರೂ ನಿಮಗೆ ಸಾಕಷ್ಟು ಅಂಕ ಬರುತ್ತದೆ.

ಆದರೆ ಅಕ್ಷರಗಳನ್ನು ಬರಿದೆ ಎಣಿಸಿದರೆ ಮೋಸ ಹೋಗುತ್ತೇವೆ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಹದಿನಾರು ಅಕ್ಷರಗಳ ಮೂರು ಸಾಲು ಬರೆದುಕೊಳ್ಳೋಣ.

ಮೊದಲನೆಯದು: ಎ ಎ ಎ ಎ ಎ ಎ ಎ ಎ ಎ ಎ ಎ ಎ ಎ ಎ ಎ ಎ

ಎರಡನೆಯದು: ಎ ಸಿ ಜಿ ಟಿ ಎ ಸಿ ಜಿ ಟಿ ಎ ಸಿ ಜಿ ಟಿ ಎ ಸಿ ಜಿ ಟಿ

ಮೂರನೆಯದು: ಜಿ ಎ ಟಿ ಟಿ ಸಿ ಎ ಜಿ ಸಿ ಸಿ ಟಿ ಎ ಜಿ ಎ ಸಿ ಟಿ ಜಿ

ಮೊದಲ ಸಾಲಿನ ಎಂಟ್ರಪಿ ಸೊನ್ನೆ. ಎರಡನೆಯದರಲ್ಲಿ ಪ್ರತಿ ಅಕ್ಷರವೂ ನಾಲ್ಕು ಸಲ ಬಂದಿದೆ; ಮೂರನೆಯದರಲ್ಲೂ ಅಷ್ಟೆ, ಎಣಿಸಿ ನೋಡಿ. ಎರಡಕ್ಕೂ 2 ಬಿಟ್! ಎರಡನೆಯ ಸಾಲನ್ನು ಒಂದನೆಯ ತರಗತಿಯ ಮಗುವೂ ಮುಂದುವರಿಸೀತು, ಮೂರನೆಯದನ್ನು ಯಾರೂ ಮುಂದುವರಿಸಲಾರರು. ಅಳತೆಗೋಲು ಮಾತ್ರ ಎರಡೂ ಸಮ ಎನ್ನುತ್ತದೆ. ಇದಕ್ಕೆ ಪರಿಹಾರ, ಅಕ್ಕಪಕ್ಕದ ಜೋಡಿಗಳನ್ನು ಎಣಿಸುವುದು. ಹದಿನಾರು ಅಕ್ಷರಗಳಲ್ಲಿ ಹದಿನೈದು ಜೋಡಿಗಳಿವೆ. ಎರಡನೆಯ ಸಾಲಿನಲ್ಲಿ ಅವು ನಾಲ್ಕೇ ಬಗೆ, ಮೂರನೆಯದರಲ್ಲಿ 12 ಬಗೆ. ಈಗ ಗುಟ್ಟು ಬಯಲಾಯಿತು. ಬೇಕಾದರೆ ಮೂರು ಮೂರು, ನಾಲ್ಕು ನಾಲ್ಕು ಅಕ್ಷರಗಳ ತುಂಡುಗಳನ್ನೂ ಎಣಿಸಬಹುದು. ಆದರೆ ತುಂಡು ಉದ್ದವಾದಷ್ಟೂ ಸಾಧ್ಯತೆಗಳು ನಾಲ್ಕು ಪಟ್ಟು, ಹದಿನಾರು ಪಟ್ಟು ಎಂದು ಬೆಳೆಯುತ್ತ, ಎಣಿಸಲು ಸಾಲೇ ಸಾಲದಾಗುತ್ತದೆ.

ಇದಕ್ಕಿಂತ ಜಾಣ ಉಪಾಯವೊಂದನ್ನು 1976ರಲ್ಲಿ ಲೆಂಪೆಲ್ ಮತ್ತು ಜಿವ್ ಎಂಬ ಇಬ್ಬರು ಇಸ್ರೇಲಿ ವಿಜ್ಞಾನಿಗಳು ಹೇಳಿದರು. ಸಾಲನ್ನು ಎಡದಿಂದ ಓದುತ್ತ ಹೋಗಿ. ಓದುತ್ತಿರುವ ತುಂಡು ಹಿಂದೆ ಎಲ್ಲಿಯಾದರೂ ಬಂದಿದ್ದರೆ ಮುಂದುವರಿಯಿರಿ. ಹಿಂದೆ ಬಾರದ ಹೊಸ ತುಂಡಾದ ಕೂಡಲೇ ಅಲ್ಲೊಂದು ಗೀಟು ಹಾಕಿ. ಎಷ್ಟು ತುಂಡುಗಳಾದವು ಎಂಬುದೇ ಸಂಕೀರ್ಣತೆ. ನಮ್ಮ ಮೊದಲ ಸಾಲು ಎರಡೇ ತುಂಡು: ಒಂದು ಎ, ಮಿಕ್ಕದ್ದೆಲ್ಲ ಅದರ ನಕಲು. ಎರಡನೆಯದು ಐದು: ಎ, ಸಿ, ಜಿ, ಟಿ, ಆಮೇಲಿನದೆಲ್ಲ ಪುನರಾವರ್ತನೆ. ಮೂರನೆಯದು ಒಂಬತ್ತು: ಜಿ, ಎ, ಟಿ, ಟಿಸಿ, ಎಜಿ, ಸಿಸಿ, ಟಿಎ, ಜಿಎಸಿ, ಟಿಜಿ. ಎರಡು, ಐದು, ಒಂಬತ್ತು. ಕಣ್ಣಿಗೆ ಕಂಡದ್ದನ್ನೇ ಸಂಖ್ಯೆಯೂ ಹೇಳಿತು. ನೀವು ಗಣಕಯಂತ್ರದಲ್ಲಿ ದೊಡ್ಡ ಕಡತವನ್ನು 'ಜಿಪ್' ಮಾಡಿ ಚಿಕ್ಕದಾಗಿಸುತ್ತೀರಲ್ಲ, ಅದರ ಬೇರು ಇರುವುದೂ ಇವರ ಕೆಲಸದಲ್ಲೇ. ಅಜ್ಜಿಗೆ ನಾನು ಹೇಳಿದ ಸಲಹೆಯೂ ಜಿಪ್ ಮಾಡುವ ಸಲಹೆಯೇ ಆಗಿತ್ತು!

ಹಾಗಾದರೆ ಡಿ.ಎನ್.ಎ. ಗ್ರಂಥವನ್ನು ಹೀಗೆ ಹಿಂಡಿದರೆ ಎಷ್ಟು ಚಿಕ್ಕದಾದೀತು? ಇಂಗ್ಲಿಷ್ ಬರಹವನ್ನು ಮೊದಲು ನೋಡೋಣ. ಖಾಲಿ ಜಾಗವನ್ನೂ ಸೇರಿಸಿ 27 ಸಂಕೇತಗಳು. ಎಲ್ಲವೂ ಸಮಾನವಾಗಿ ಬಂದರೆ ಅಕ್ಷರಕ್ಕೆ ಸುಮಾರು 4.75 ಬಿಟ್. ಶಾನನ್ 1951ರಲ್ಲಿ ಜನರಿಂದ ಇದೇ ಊಹೆಯ ಆಟ ಆಡಿಸಿ ನೋಡಿದಾಗ, ವಾಸ್ತವದಲ್ಲಿ ಅದು ಒಂದು ಬಿಟ್‌ನ ಆಸುಪಾಸಿನಲ್ಲಿದೆ ಎಂದು ಕಂಡಿತು. ಭಾಷೆಯಲ್ಲಿ ಅಷ್ಟು ಭಾಗ ಮೊದಲೇ ಗೊತ್ತಿರುವಂಥದ್ದು. ಡಿ.ಎನ್.ಎ.ಯಾದರೋ ಹಿಂಡಿಗೆ ಸುಲಭವಾಗಿ ಬಗ್ಗುವುದಿಲ್ಲ. ಸಾಮಾನ್ಯ ಬರಹಕ್ಕೆಂದು ಮಾಡಿದ ವಿಧಾನಗಳನ್ನು ಹಚ್ಚಿದರೆ ಎಷ್ಟೋ ಸಲ ಅಕ್ಷರಕ್ಕೆ 2 ಬಿಟ್‌ಗಿಂತ ಹೆಚ್ಚೇ ಬೇಕಾಗುತ್ತದೆ! ಚಿಕ್ಕದಾಗಿಸಲು ಹೋಗಿ ದೊಡ್ಡದಾಗಿಸಿದಂತೆ.

ಕಾರಣ ಜೀವಶಾಸ್ತ್ರದಲ್ಲಿದೆ. ಡಿ.ಎನ್.ಎ.ಗೆ ಎರಡು ಎಳೆ ಇವೆಯಲ್ಲ, ಅವು ಎದುರು ಬದುರು ದಿಕ್ಕಿನಲ್ಲಿ ಓದುತ್ತವೆ. ಒಂದೆಡೆ ಜಿ ಎ ಟಿ ಟಿ ಸಿ ಎಂದಿದ್ದರೆ ಎದುರು ಎಳೆಯಲ್ಲಿ ಅದೇ ತುಂಡು ಜಿ ಎ ಎ ಟಿ ಸಿ ಎಂದು ಓದಿಸಿಕೊಳ್ಳುತ್ತದೆ. ಎಂದರೆ ಒಂದು ತುಂಡಿನ ನಕಲು ಗ್ರಂಥದಲ್ಲಿ ಬೇರೆಲ್ಲೋ ತಲೆಕೆಳಗಾಗಿ, ವೇಷ ಬದಲಿಸಿ ಕೂತಿರಬಹುದು. ಬರಹದ ಲೋಕದ ವಿಧಾನಗಳಿಗೆ ಈ ವೇಷ ತಿಳಿಯದು. 1993ರಲ್ಲಿ ಫ್ರಾನ್ಸಿನ ಗ್ರುಂಬಾಕ್ ಮತ್ತು ತಾಹಿ ಎಂಬುವರು ತಲೆಕೆಳಗಾದ ನಕಲುಗಳನ್ನೂ ಹುಡುಕುವ ವಿಧಾನ ಕಟ್ಟಿದ ಮೇಲೆ ಅಕ್ಷರಕ್ಕೆ 2 ಬಿಟ್‌ಗಿಂತ ಕೆಳಗಿಳಿಯಲು ದಾರಿಯಾಯಿತು. ಆಮೇಲೆ ಇನ್ನೂ ಉತ್ತಮವಾದವು ಬಂದಿವೆ. ಆದರೂ ಸಾಮಾನ್ಯವಾಗಿ ಫಲ 1.6ರಿಂದ 1.9 ಬಿಟ್‌ಗಳ ನಡುವೆಯೇ ನಿಲ್ಲುತ್ತದೆ. ಇಂಗ್ಲಿಷ್ ಬರಹದಂತೆ ಐದರಲ್ಲೊಂದು ಪಾಲಿಗೆ ಇಳಿಯುವ ಮಾತೇ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. 'ಎಂಟ್ರಪಿ ಹೆಚ್ಚಿದ್ದರೆ ಮಾಹಿತಿ ಹೆಚ್ಚು, ಮಾಹಿತಿ ಹೆಚ್ಚಿದ್ದರೆ ಅರ್ಥ ಹೆಚ್ಚು' ಎಂದು ಬರೆದು ಬಿಡುವ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ. ವಾಕ್ಯದ ಮೊದಲರ್ಧ ಶಾನನ್ನರದು, ಎರಡನೆಯದು ಶುದ್ಧ ತಪ್ಪು. ಒಂದು ನಾಣ್ಯವನ್ನು ಎರಡೆರಡು ಸಲ ಚಿಮ್ಮಿ, ರಾಜ-ರಾಜ ಬಿದ್ದರೆ ಎ, ರಾಜ-ರಾಣಿ ಬಿದ್ದರೆ ಸಿ, ಹೀಗೆ ಅಕ್ಷರ ಬರೆಯುತ್ತ ಹೋಗಿ. ಬರುವ ಸಾಲಿಗೆ ಅಕ್ಷರಕ್ಕೆ ಪೂರಾ 2 ಬಿಟ್. ಅದರಿಂದ ಒಂದು ಇರುವೆಯ ಕಾಲೂ ಆಗುವುದಿಲ್ಲ. ಪ್ರೋಟೀನಿಗೆ ಸಂಕೇತವಾಗಿರುವ ನಿಜವಾದ ವಂಶವಾಹಿಯ ಎಂಟ್ರಪಿಯೂ 2ಕ್ಕೆ ತೀರ ಹತ್ತಿರ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಈ ಒಂದು ಅಳತೆಯಿಂದ ಯಾವುದು ಜೀವ, ಯಾವುದು ನಾಣ್ಯ ಎಂದು ಹೇಳುವುದು ಕಷ್ಟ. (ಹಾಂ, ನಾಣ್ಯ ಬೇಡ, ಮನಸ್ಸಿನಿಂದಲೇ ಬರೆಯುತ್ತೇನೆ ಎನ್ನಬೇಡಿ. ತರಗತಿಯಲ್ಲಿ ಬರೆಸಿ ನೋಡಿದ್ದೇನೆ. ಒಂದೇ ಅಕ್ಷರ ಸಾಲಾಗಿ ನಾಲ್ಕೈದು ಸಲ ಬರಲು ನಮ್ಮ ಕೈ ಬಿಡುವುದೇ ಇಲ್ಲ. ನಾಣ್ಯಕ್ಕೆ ಆ ಸಂಕೋಚವಿಲ್ಲ.)

ಈ ಗೊಂದಲಕ್ಕೆ ದೊಡ್ಡವರೂ ಸಿಕ್ಕಿಬಿದ್ದದ್ದುಂಟು. ಮನುಷ್ಯನ ಡಿ.ಎನ್.ಎ.ಯಲ್ಲಿ ಪ್ರೋಟೀನಿಗೆ ನೇರ ಸಂಕೇತವಾಗಿರುವ ಭಾಗ ನೂರಕ್ಕೆ ಒಂದೂವರೆಯಷ್ಟು ಮಾತ್ರ. 1994ರಲ್ಲಿ ಬಾಸ್ಟನ್ನಿನ ಭೌತವಿಜ್ಞಾನಿಗಳ ತಂಡವೊಂದು ಸಂಕೇತವಿಲ್ಲದ ಮಿಕ್ಕ ಭಾಗವನ್ನು ಅಳೆದು, ಅದರ ಎಂಟ್ರಪಿ ಕಡಿಮೆ ಇದೆ, ತುಂಡುಗಳ ಬಳಕೆ ಮನುಷ್ಯ ಭಾಷೆಯ ಪದಗಳ ಬಳಕೆಯಂತೆ ಇದೆ ಎಂದು ಪ್ರಕಟಿಸಿತು. 'ಡಿ.ಎನ್.ಎ.ಯಲ್ಲಿ ಗುಪ್ತ ಭಾಷೆ' ಎಂಬ ಮಾತು ಹಬ್ಬಲು ಎಷ್ಟು ಹೊತ್ತು? ಬೇರೆಯವರು ಬೇಗನೆ ತೋರಿಸಿಕೊಟ್ಟರು: ಅಕ್ಷರಗಳು ಅಸಮಾನವಾಗಿ ಬಂದರೆ ಮತ್ತು ಅಕ್ಕಪಕ್ಕದಲ್ಲಿ ಒಂದಿಷ್ಟು ಪುನರಾವರ್ತನೆ ಇದ್ದರೆ, ಯಾವ ಭಾಷೆಯೂ ಇಲ್ಲದೆ ಅದೇ ಫಲ ಬರುತ್ತದೆ. ಎಂಟ್ರಪಿ ಕಡಿಮೆಯಾದದ್ದು ನಿಜ, ಅದಕ್ಕೆ ಹಚ್ಚಿದ ಕಾರಣ ತಪ್ಪು.

ಹಾಗಾದರೆ ಈ ಅಳತೆಯಿಂದ ಉಪಯೋಗವೇನು ಎಂದು ನೀವು ಕೇಳಬಹುದು. ಬಹಳ ಇದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಮೂಗಿಗೆ ಹತ್ತಿಕಡ್ಡಿ ಹಾಕಿಸಿಕೊಂಡ ನೆನಪು ಹಲವರಿಗಿದೆ. ಆ ಪಿ.ಸಿ.ಆರ್. ಪರೀಕ್ಷೆಯಲ್ಲಿ ವೈರಾಣುವಿನ ತುಂಡನ್ನು ಹುಡುಕಿ ಹಿಡಿಯುವುದು ಪ್ರೈಮರ್ ಎಂಬ ಚಿಕ್ಕ ಡಿ.ಎನ್.ಎ. ಎಳೆ. ಅದರ ಉದ್ದ ಸುಮಾರು 20 ಅಕ್ಷರ. ಇಪ್ಪತ್ತೇ ಏಕೆ? ಮಾದರಿಯಲ್ಲಿ ಮನುಷ್ಯನ ಡಿ.ಎನ್.ಎ.ಯೂ ಬೆರೆತಿರುತ್ತದೆ. 310 ಕೋಟಿ ಸ್ಥಾನಗಳಲ್ಲಿ ಒಂದನ್ನು ಗುರುತಿಸಲು ಸುಮಾರು 32 ಬಿಟ್ ಬೇಕು. ಅಕ್ಷರಕ್ಕೆ 2 ಬಿಟ್‌ನಂತೆ 16 ಅಕ್ಷರ. ನಾಲ್ಕನ್ನು ಹದಿನಾರು ಸಲ ಗುಣಿಸಿ ನೋಡಿ, ಸುಮಾರು 429 ಕೋಟಿ. ಅದರ ಮೇಲೆ ನಾಲ್ಕೈದು ಅಕ್ಷರ ಎಚ್ಚರಿಕೆಗೆಂದು ಹೆಚ್ಚು. ಊಹೆಯ ಆಟದ ಗಣಿತ ಆಸ್ಪತ್ರೆಯ ಕಡ್ಡಿಯ ತುದಿಯವರೆಗೂ ಬಂದಿತ್ತು. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ. ಆಯ್ದ ಜಾಗ ಸಂಕೀರ್ಣವಾಗಿರಬೇಕು. ಎ ಎ ಎ ಎ ಎಂದು ಇಪ್ಪತ್ತು ಅಕ್ಷರ ತೆಗೆದುಕೊಂಡರೆ ಅದು ಗ್ರಂಥದಲ್ಲಿ ಲೆಕ್ಕವಿಲ್ಲದಷ್ಟು ಕಡೆ ಅಂಟಿಕೊಳ್ಳುತ್ತದೆ.

ಇದೇ ತೊಂದರೆ ಗಣಕಯಂತ್ರದ ಹುಡುಕಾಟದಲ್ಲೂ ಬಂತು. ಹೊಸದಾಗಿ ಸಿಕ್ಕ ಒಂದು ವಂಶವಾಹಿಗೆ ಸಂಗ್ರಹದಲ್ಲಿರುವ ಬಂಧುಗಳು ಯಾರು ಎಂದು ಹುಡುಕುವ 'ಬ್ಲಾಸ್ಟ್' ಎಂಬ ವಿಧಾನ 1990ರಲ್ಲಿ ಬಂದಿತು. ಎರಡು ಸಾಲುಗಳಲ್ಲಿ ಹೋಲುವ ತುಂಡುಗಳಿದ್ದರೆ ಅವು ಒಂದೇ ಮೂಲದವು ಎಂಬುದು ಅದರ ತರ್ಕ. ಆದರೆ ಒಂದೇ ಅಕ್ಷರದ ಉದ್ದ ಸಾಲುಗಳು ಎಲ್ಲ ಕಡೆಯೂ ಇರುವುದರಿಂದ ಸಂಬಂಧವೇ ಇಲ್ಲದವು ಬಂಧುಗಳಾಗಿ ಕಾಣತೊಡಗಿದವು. ಎರಡು ಹಳೆಯ ಕಾಗದಗಳಲ್ಲೂ 'ಉಭಯ ಕುಶಲೋಪರಿ' ಇದೆಯೆಂದು ಬರೆದವರಿಬ್ಬರೂ ಅಣ್ಣ ತಮ್ಮಂದಿರು ಎಂದಂತೆ! 1993ರಲ್ಲಿ ವೂಟನ್ ಮತ್ತು ಫೆಡರ್‌ಹೆನ್ ಎಂಬುವರು ಪ್ರೋಟೀನ್ ಸಾಲುಗಳ ಮೇಲೆ ಒಂದು ಚಿಕ್ಕ ಕಿಟಕಿಯನ್ನು ಜರುಗಿಸುತ್ತ, ಕಿಟಕಿಯೊಳಗಿನ ಸಂಕೀರ್ಣತೆಯನ್ನು ಲೆಕ್ಕ ಹಾಕಿ, ತೀರ ಕಡಿಮೆ ಇದ್ದಲ್ಲಿ ಮುಸುಕು ಹಾಕುವ ವಿಧಾನ ಕೊಟ್ಟರು. ಡಿ.ಎನ್.ಎ.ಗೂ ಅಂಥದ್ದು ಇದೆ. ಇಂದು ಬ್ಲಾಸ್ಟ್ ಬಳಸುವವರಲ್ಲಿ ಬಹಳ ಜನರಿಗೆ ಒಳಗೆ ಈ ಮುಸುಕು ಕೆಲಸ ಮಾಡುತ್ತಿದೆ ಎಂದೇ ತಿಳಿಯದು.

ಮುಸುಕು ಹಾಕಿದ್ದೆಲ್ಲ ಕಸ ಎಂದು ಮಾತ್ರ ತಿಳಿಯಬಾರದು. ಮನುಷ್ಯನ ಡಿ.ಎನ್.ಎ.ಯಲ್ಲಿ ಸುಮಾರು ಅರ್ಧ ಭಾಗ ಒಂದಲ್ಲ ಒಂದು ಬಗೆಯ ಪುನರಾವರ್ತನೆಯೇ. ವರ್ಣತಂತುವಿನ ತುದಿಗಳಲ್ಲಿ ಟಿ ಟಿ ಎ ಜಿ ಜಿ ಜಿ ಎಂಬ ಆರು ಅಕ್ಷರ ಸಾವಿರಾರು ಸಲ ಬರುತ್ತದೆ. ಊಹೆಯ ಆಟದಲ್ಲಿ ಅಲ್ಲಿ ನೀವು ಸೋಲುವುದೇ ಇಲ್ಲ. ಆದರೆ ಆ ತುದಿಗಳು, ಚಪ್ಪಲಿ ಹಗ್ಗದ ತುದಿಗೆ ಬಿಗಿದ ಗಂಟಿನಂತೆ, ವರ್ಣತಂತುವನ್ನು ಕಾಯುತ್ತವೆ. ವರ್ಣತಂತುವಿನ ನಡುವಿನ ಸೊಂಟದಲ್ಲಿ 171 ಅಕ್ಷರಗಳ ತುಂಡೊಂದು ಸ್ವಲ್ಪ ಸ್ವಲ್ಪ ವ್ಯತ್ಯಾಸದೊಡನೆ ಲಕ್ಷಗಟ್ಟಲೆ ಅಕ್ಷರಗಳ ದೂರ ಮರುಕಳಿಸುತ್ತದೆ. ಕೋಶ ವಿಭಜನೆಯಾಗುವಾಗ ವರ್ಣತಂತುವನ್ನು ಹಿಡಿದೆಳೆಯುವುದು ಆ ಜಾಗದಲ್ಲೇ.

ಈ ಜಾಗಗಳನ್ನು ಓದುವುದು ಎಷ್ಟು ಕಷ್ಟವಾಯಿತು ಗೊತ್ತೆ? ಮನುಷ್ಯನ ಜೀನೋಮ್ ಯೋಜನೆ 2003ರಲ್ಲಿ ಮುಗಿಯಿತು ಎಂದು ಸಾರಿದಾಗಲೂ ಖಾಲಿ ಜಾಗಗಳು ಉಳಿದಿದ್ದವು. ಗ್ರಂಥವನ್ನು ಚಿಕ್ಕ ಚೂರುಗಳಾಗಿ ಹರಿದು, ಚೂರುಗಳನ್ನು ಓದಿ, ಅಂಚುಗಳನ್ನು ಹೊಂದಿಸಿ ಮತ್ತೆ ಜೋಡಿಸುವುದು ಅಂದಿನ ಕ್ರಮ. ಒಂದು ಕಥೆಪುಸ್ತಕವನ್ನು ಹರಿದರೆ ಹೀಗೆ ಜೋಡಿಸಬಹುದು. ರಾಮಕೋಟಿ ಪುಸ್ತಕವನ್ನು ಹರಿದರೆ? ಯಾವ ಚೂರನ್ನು ಯಾವುದರ ಪಕ್ಕ ಇಡುವಿರಿ? ಎಷ್ಟು ಸಲ ಬರೆದಿತ್ತು ಎಂದಾದರೂ ಹೇಳಬಲ್ಲಿರಾ? ಉಳಿದುಹೋಗಿದ್ದ ಸುಮಾರು ನೂರಕ್ಕೆ ಎಂಟು ಭಾಗವನ್ನು ಓದಲು 2022ರವರೆಗೆ ಕಾಯಬೇಕಾಯಿತು. ಹತ್ತಾರು ಸಾವಿರ ಅಕ್ಷರಗಳನ್ನು ಒಂದೇ ಉಸಿರಿನಲ್ಲಿ ಓದುವ ಯಂತ್ರಗಳು ಬಂದ ಮೇಲೆ ಅದು ಸಾಧ್ಯವಾಯಿತು. ಸಂಕೀರ್ಣತೆ ಕಡಿಮೆ ಇದ್ದ ಜಾಗವೇ ಓದಲು ಎಲ್ಲಕ್ಕಿಂತ ಕಷ್ಟದ್ದಾಯಿತು!

ಚಿಕ್ಕ ಪುನರಾವರ್ತನೆಗಳಲ್ಲಿ ಇನ್ನೊಂದು ವಿಶೇಷವಿದೆ. ಜಿ ಎ ಟಿ ಎ, ಜಿ ಎ ಟಿ ಎ ಎಂದು ಸಾಗುವ ಸಾಲು ಒಬ್ಬರಲ್ಲಿ ಹತ್ತು ಸಲ ಇದ್ದರೆ ಇನ್ನೊಬ್ಬರಲ್ಲಿ ಹದಿಮೂರು ಸಲ ಇರುತ್ತದೆ. ಇಂಥ ಹಲವು ಜಾಗಗಳ ಎಣಿಕೆಯನ್ನು ಒಟ್ಟು ನೋಡಿದರೆ ವ್ಯಕ್ತಿಯ ಗುರುತು ಸಿಗುತ್ತದೆ. ಪುನರಾವರ್ತನೆಗಳಿಂದ ಡಿ.ಎನ್.ಎ. ಬೆರಳಚ್ಚು ತೆಗೆಯುವ ವಿದ್ಯೆಯನ್ನು ಇಂಗ್ಲೆಂಡಿನ ಅಲೆಕ್ ಜೆಫ್ರಿಸ್ 1984ರಲ್ಲಿ ಕಂಡುಹಿಡಿದರು. ನಮ್ಮಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಲಾಲ್‌ಜಿ ಸಿಂಗ್ ಅವರು ಕಟ್ಟುಹಾವಿನ ಡಿ.ಎನ್.ಎ.ಯಲ್ಲಿ ಸಿಕ್ಕ, ಇದೇ ಜಿ ಎ ಟಿ ಎ ಪುನರಾವರ್ತನೆಗಳುಳ್ಳ ತುಂಡನ್ನು ಬಳಸಿ ತಮ್ಮದೇ ವಿಧಾನ ರೂಪಿಸಿದರು. ಹಾವಿನ ಲಿಂಗನಿರ್ಧಾರದ ಅಧ್ಯಯನದಲ್ಲಿ ಸಿಕ್ಕ ತುಂಡು ನ್ಯಾಯಾಲಯದವರೆಗೆ ಬಂದ ಕಥೆ ಅದು. ಅದನ್ನೇ ಇನ್ನೊಂದು ದಿನ ಬಿಡಿಸಿ ಹೇಳಬಹುದು.

ಎಣಿಕೆ ಏಕೆ ಬದಲಾಗುತ್ತದೆ? ಜೀವಕೋಶ ಡಿ.ಎನ್.ಎ.ಯನ್ನು ನಕಲು ಮಾಡುವಾಗ ಒಂದೇ ಬಗೆಯ ಸಾಲಿನಲ್ಲಿ ನಕಲುಗಾರ ಕಿಣ್ವಕ್ಕೆ ತಾನೆಲ್ಲಿದ್ದೇನೆ ಎಂಬುದು ತಪ್ಪುತ್ತದೆ. ಹೊಸ ಎಳೆ ತುಸು ಜಾರಿ, ಒಂದು ತುಂಡು ಹೆಚ್ಚಾಗಬಹುದು, ಒಂದು ಬಿಟ್ಟುಹೋಗಬಹುದು. ಓಲೆಗರಿ ನಕಲು ಮಾಡುವ ಲಿಪಿಕಾರರಿಗೆ ಒಂದೇ ಪದ ಮತ್ತೆ ಮತ್ತೆ ಬಂದಾಗ ಕಣ್ಣು ಜಾರುತ್ತಿದ್ದುದು ಹೀಗೆಯೇ. ನಮ್ಮ ಅಜ್ಜಿಯೂ ಯಾರಾದರೂ ಮಾತನಾಡಿಸಿದರೆ ಎಣಿಕೆ ತಪ್ಪಿ, ಪುಟದ ಮೇಲಿನಿಂದ ಮತ್ತೆ ಎಣಿಸುತ್ತಿದ್ದರು.

ಈ ಜಾರುವಿಕೆ ಯಾವಾಗಲೂ ನಿರುಪದ್ರವಿಯಲ್ಲ. ಹಂಟಿಂಗ್‌ಟನ್ ಕಾಯಿಲೆ ಎಂಬುದೊಂದು ಇದೆ. ಸಾಮಾನ್ಯವಾಗಿ ಮೂವತ್ತರಿಂದ ಐವತ್ತರ ವಯಸ್ಸಿನಲ್ಲಿ ಶುರುವಾಗುತ್ತದೆ. ಕೈಕಾಲು ತಮ್ಮಷ್ಟಕ್ಕೆ ಕುಣಿಯತೊಡಗುತ್ತವೆ, ಸ್ವಭಾವ ಬದಲಾಗುತ್ತದೆ, ಮೆಲ್ಲಗೆ ಬುದ್ಧಿಶಕ್ತಿ ಕುಂದುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಕಾಯಿಲೆಯನ್ನು ನಿಲ್ಲಿಸುವ ಔಷಧಿ ಇನ್ನೂ ಇಲ್ಲ, ಲಕ್ಷಣಗಳನ್ನು ಹತೋಟಿಯಲ್ಲಿಡುವ ಔಷಧಿಗಳಿವೆ. ವೆನಿಜುವೆಲಾ ದೇಶದ ಮರಕೈಬೊ ಸರೋವರದ ದಡದಲ್ಲಿ ಈ ಕಾಯಿಲೆಯ ದೊಡ್ಡ ದೊಡ್ಡ ಕುಟುಂಬಗಳಿವೆ. ತನ್ನ ತಾಯಿಯನ್ನೇ ಇದರಿಂದ ಕಳೆದುಕೊಂಡ ನ್ಯಾನ್ಸಿ ವೆಕ್ಸ್ಲರ್ ಎಂಬ ವಿಜ್ಞಾನಿ ವರ್ಷ ವರ್ಷವೂ ಅಲ್ಲಿಗೆ ಹೋಗಿ ರಕ್ತದ ಮಾದರಿ, ವಂಶವೃಕ್ಷ ಸಂಗ್ರಹಿಸಿದರು. ಅದರ ಸಹಾಯದಿಂದ 1983ರಲ್ಲಿ ಕಾಯಿಲೆಯ ಮೂಲ ನಾಲ್ಕನೆಯ ವರ್ಣತಂತುವಿನಲ್ಲಿದೆ ಎಂದು ತಿಳಿಯಿತು. ವಂಶವಾಹಿ ಕೈಗೆ ಸಿಕ್ಕಿದ್ದು 1993ರಲ್ಲಿ, ಇನ್ನೂ ಹತ್ತು ವರ್ಷದ ಮೇಲೆ.

ಅಲ್ಲಿದ್ದದ್ದು ಏನು? ಸಿ ಎ ಜಿ, ಸಿ ಎ ಜಿ, ಸಿ ಎ ಜಿ ಎಂಬ ಸಾಲು. ಇದು ನಮ್ಮೆಲ್ಲರಲ್ಲೂ ಇದೆ. 26 ಸಲದವರೆಗೆ ಇದ್ದರೆ ಏನೂ ತೊಂದರೆಯಿಲ್ಲ. 27ರಿಂದ 35ರವರೆಗೆ ಇದ್ದವರಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ, ಮಕ್ಕಳಲ್ಲಿ ಎಣಿಕೆ ಬೆಳೆಯಬಹುದು. 36ರಿಂದ 39 ಇದ್ದರೆ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. 40 ಅಥವಾ ಮೇಲಾದರೆ, ಪೂರ್ಣಾಯುಷ್ಯ ಬದುಕಿದವರಿಗೆ ಬಂದೇ ಬರುತ್ತದೆ. ಎಣಿಕೆ ಹೆಚ್ಚಿದಷ್ಟೂ ಸಾಮಾನ್ಯವಾಗಿ ಬೇಗ ಬರುತ್ತದೆ.

ಈಗ ನಮ್ಮ ಅಳತೆಗೋಲನ್ನು ಇಲ್ಲಿ ಇಟ್ಟು ನೋಡಿ. ಸಿ ಎ ಜಿ 26 ಸಲ ಬಂದ ಸಾಲನ್ನೂ 42 ಸಲ ಬಂದ ಸಾಲನ್ನೂ ಬರೆದುಕೊಂಡು ಅಕ್ಷರಗಳನ್ನು ಎಣಿಸಿದರೆ ಎರಡರ ಎಂಟ್ರಪಿಯೂ ಒಂದೇ, 1.58 ಬಿಟ್. ಲೆಂಪೆಲ್–ಜಿವ್ ಗೀಟು ಹಾಕಿದರೆ ಎರಡೂ ನಾಲ್ಕೇ ತುಂಡು: ಸಿ, ಎ, ಜಿ, ಉಳಿದದ್ದು. ಹಿಂಡಿ ಬರೆದರೆ ಒಂದು 'ಸಿ ಎ ಜಿ, 26 ಸಲ', ಇನ್ನೊಂದು 'ಸಿ ಎ ಜಿ, 42 ಸಲ'. ಊಹೆಯ ಆಟದಲ್ಲಿ ಎರಡೂ ಕಡೆ ನಿಮಗೆ ಪೂರ್ಣ ಅಂಕ. ಅಳತೆಗೆ ಆ ಜಾಗ ಸಪ್ಪೆ ಎಂದು ಮಾತ್ರ ಗೊತ್ತು. ಎಲ್ಲಿ ನಿಲ್ಲುತ್ತದೆ ಎಂಬ ಒಂದು ಸಂಖ್ಯೆಯಲ್ಲಿ ಒಬ್ಬರ ಆಯುಷ್ಯ ನಿಂತಿದೆ.

ಆ ಸಂಖ್ಯೆಯನ್ನು ಈಗ ರಕ್ತದ ಪರೀಕ್ಷೆಯಿಂದ ತಿಳಿಯಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಕಾಯಿಲೆಯ ಕುಟುಂಬಗಳನ್ನು ನೋಡುತ್ತಾರೆ. ಇನ್ನೂ ಯಾವ ಲಕ್ಷಣವೂ ಇಲ್ಲದ ಮಗನೋ ಮಗಳೋ ಪರೀಕ್ಷೆ ಕೇಳಿದರೆ ಮೊದಲು ಕೂರಿಸಿಕೊಂಡು ಸಮಾಲೋಚನೆ ನಡೆಸುವುದು, ಹದಿನೆಂಟು ತುಂಬದವರಿಗೆ ಇಂಥ ಮುನ್ಸೂಚಕ ಪರೀಕ್ಷೆ ಮಾಡದಿರುವುದು ವೈದ್ಯರು ಪಾಲಿಸುವ ಕ್ರಮ. ವಿವರ ಕೇಳಿದ ಮೇಲೆ ಕೆಲವರು ರಕ್ತ ಕೊಡುತ್ತಾರೆ. ಬಹಳ ಮಂದಿ ಬೇಡವೆಂದು ಎದ್ದು ಹೋಗುತ್ತಾರೆ.